ಗೆರೆಯಕ್ಕ ಸ್ವೆಟರ್ ಹಾಕಿಕೊಂಡ ದಿನ

ಅಂಗವಿಕಲರ ಭತ್ಯೆ ಕೇಳುವವರು ತಮ್ಮ ಕೈಯಲ್ಲಿ ಏನೇನು ಆಗುವುದಿಲ್ಲ ಎನ್ನುವುದನ್ನು ತೋರಿಸಬೇಕು. ನಮ್ಮಕ್ಕ ತನ್ನ ಕೈಯಲ್ಲಿ ಏನೇನು ಆಗುತ್ತದೆ ಎನ್ನುವುದನ್ನು ವಾರಗಟ್ಟಲೆ ಅಭ್ಯಾಸ ಮಾಡಿಕೊಂಡು ಹೋದಳು. ಡಾಕ್ಟರ ಮುಂದೆ ಕೂತು, ಕೇಳಿದ್ದನ್ನೆಲ್ಲ ಮಾಡಿ ತೋರಿಸಿ, ಗೆದ್ದವಳ ಮುಖ ಹೊತ್ತು ಹೊರಗೆ ಬಂದು, "ಪಾಸಾದೆ ಕಣೇ" ಎಂದಳು. ಇಬ್ಬರೂ ಖುಷಿಯಿಂದ ಬಸ್ಸು ಹತ್ತಿ ಮನೆಗೆ ಬಂದೆವು.

ನಗುವವರು ನಗಲಿ. ನಮ್ಮ ಲಾಂಡ್ರಿಯಲ್ಲಿ ಒಂದು ದಿನವಾದರೂ ದುಡಿದವರು ನಗುವುದಿಲ್ಲ. ಆಸ್ಪತ್ರೆಗಳ ಚಾದರ, ಲಾಡ್ಜುಗಳ ದಿಂಬಿನ ಚೀಲ, ಹೋಟೆಲುಗಳ ಮೇಜುಬಟ್ಟೆ ಎಲ್ಲ ಅಲ್ಲಿ ಹಿಂದಿನ ಬಾಗಿಲಿನಿಂದ ಗಂಟುಗಂಟಾಗಿ ಒಳಗೆ ಬಂದು ಮುಂದಿನ ಬಾಗಿಲಿನಿಂದ ಬೆಳ್ಳಗೆ ಹೊರಗೆ ಹೋಗುತ್ತಿದ್ದವು. ನಡುವಿನ ಹಬೆ, ಸೋಪಿನ ಘಾಟು, ಸುಟ್ಟ ಬೆರಳು, ಊದಿದ ಕಾಲು ಯಾವುದೂ ಗಿರಾಕಿಯ ಕಣ್ಣಿಗೆ ಬೀಳುತ್ತಿರಲಿಲ್ಲ. ಬೀಳಬಾರದು ಎನ್ನುವುದು ಅಕ್ಕನ ಕಾನೂನು. ಇಸ್ತ್ರಿ ಮೇಜುಗಳಿಗೆಲ್ಲ ಅವಳೇ ಮೇಲ್ವಿಚಾರಕಿ. ನಾನು ಮುಂದಿನ ಕೌಂಟರಿನವಳು. ಹೊಸಬರು ಯಾರಾದರೂ ಬೆವರು ಸುರಿಸುತ್ತ ಬಟ್ಟೆ ಹೊತ್ತು ಕೌಂಟರಿಗೆ ಬಂದರೆ ಹಿಂದಿನಿಂದ ಅವಳ ದನಿ ಅಟ್ಟಿಸಿಕೊಂಡು ಬರುತ್ತಿತ್ತು.

"ಮುಖ ಒರೆಸ್ಕೊಂಡು ಹೋಗು. ಅವರು ಬಟ್ಟೆಗೆ ಬಂದಿದಾರೆ, ನಿನ್ನ ಗೋಳು ನೋಡೋಕಲ್ಲ."

ಅವಳು ಇಸ್ತ್ರಿ ಮಾಡಿದ ಪ್ಯಾಂಟಿನ ಗೆರೆ ಸೊಂಟದಿಂದ ಪಾದದ ತನಕ ಎಲ್ಲೂ ಸೊಟ್ಟಗಾಗುತ್ತಿರಲಿಲ್ಲ. ಅದಕ್ಕೇ ಅಲ್ಲಿ ಎಲ್ಲರ ಬಾಯಲ್ಲೂ ಅವಳು ಗೆರೆಯಕ್ಕ. ಮಾಲೀಕರೂ ಹಾಗೇ ಕರೆಯುತ್ತಿದ್ದರು. ನನಗೆ ಅಲ್ಲಿ ಇಟ್ಟ ಹೆಸರು ಮೆಣಸಿನಕಾಯಿ. ಯಾಕೆಂದು ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡ ಚಾದರವನ್ನು ಇಬ್ಬರು ಎರಡು ತುದಿ ಹಿಡಿದು ಮಡಿಸಬೇಕು. ಒಂದು ಬೆಳಗ್ಗೆ ಹಾಗೆ ಮಡಿಸುತ್ತಿರುವಾಗ ಅಕ್ಕನ ಕಡೆಯ ಒಂದು ಮೂಲೆ ಕೆಳಗೆ ಬಿತ್ತು. ಎದುರಿನವಳು "ಅಕ್ಕಾ, ಬಿಟ್ರಲ್ಲ" ಎಂದು ನಕ್ಕಳಂತೆ. ಅಕ್ಕ ಚಾದರ ಬಿಟ್ಟವಳೇ ಅಲ್ಲ, ಅವಳಿಗೂ ಅರ್ಥವಾಗಲಿಲ್ಲ. ಬಗ್ಗಿ ಎತ್ತಿಕೊಳ್ಳಲು ಹೋಗಿ ಅಲ್ಲೇ ಕುಸಿದಳು. ನಾನು ಕೌಂಟರ್ ಹಾರಿ ಓಡಿದೆ. ಲಕ್ವ ಹೊಡೆದಿತ್ತು. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಬಲಗೈ ಎದೆಗೆ ಮಡಚಿಕೊಂಡು ನಿಂತಿತ್ತು, ಬಲಗಾಲು ನೆಲ ಬಿಟ್ಟು ಏಳುತ್ತಿರಲಿಲ್ಲ. ನಾಲಿಗೆಗೆ ಮಾತ್ರ ಏನೂ ಆಗಲಿಲ್ಲ. ಅದು ದೇವರ ದಯೆಯೋ ನಮ್ಮ ಗ್ರಹಚಾರವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಭಾವ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿಲ್ಲ. ಸೈಕಲ್ ರಿಪೇರಿ ಅಂಗಡಿಯ ಹಿಂದೆ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಕ್ಕ ಒಬ್ಬಳೇ. ಪಕ್ಕದ ಬೀದಿಯಲ್ಲಿದ್ದ ನಾನು ಕೆಲಸಕ್ಕೆ ಹೋಗುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ಹೋಗಿ ಬರುತ್ತಿದ್ದೆ. ನಮ್ಮಿಬ್ಬರ ನಡುವಿನವನು ಅಣ್ಣ. ಬಸ್ ಡ್ರೈವರ್. ಅವನು ಮಾತಾಡಿದರೆ ಇಡೀ ಬಸ್ಸಿಗೆ ಕೇಳಿಸಬೇಕು, ಮನೆಯಲ್ಲೂ ಅದೇ ಅಭ್ಯಾಸ. ಮನಸ್ಸು ಮಾತ್ರ ಬೆಣ್ಣೆ. ಅಕ್ಕ ಆಸ್ಪತ್ರೆಯಲ್ಲಿ ಇರುವಾಗಲೇ ತನ್ನ ಮನೆಯ ಹಿಂದಿನ ಕೋಣೆಗೆ ಸುಣ್ಣ ಬಳಿಸಿ, ಮಂಚ ಹಾಕಿಸಿ, ಹೊಸ ಹಾಸಿಗೆ ತಂದಿಟ್ಟಿದ್ದ.

"ನಮ್ಮನೇಗೆ ಬಾ ಅಕ್ಕ. ಒಂದು ಲೋಟ ಎತ್ತಿಡೋದು ಬೇಡ ನೀನು. ರಾಣಿ ಥರ ಇರು."

"ನಿಮ್ಮನೇಲಿ ನನಗೆ ಏನೂ ಕೊರತೆ ಆಗಲ್ಲ ಕಣೋ. ಅದೇ ತೊಂದರೆ," ಎಂದಳು ಅಕ್ಕ. "ಬೆಳಗ್ಗೆ ಎದ್ದು ಇವತ್ತು ಏನು ಮಾಡ್ಲಿ ಅಂತ ಯೋಚನೆ ಮಾಡೋಳು ನಾನಾಗಿರ್ಬೇಕು. ಅಲ್ಲಿ ಎಲ್ಲ ನೀವೇ ಮಾಡ್ಬಿಡ್ತೀರಿ. ನಾನು ಕೂತಿರ್ತೀನಿ, ಅಷ್ಟೇ."

ಅಣ್ಣನಿಗೆ ಬೇಸರವಾಯಿತು. ಆದರೂ ಒಂದು ಮಾತಿಗೆ ಬಂದರು. ಸರ್ಕಾರದ ಭತ್ಯೆ ಸಿಕ್ಕರೆ ಬಾಡಿಗೆಗೂ ಬೆಳಗಿನ ಹೊತ್ತು ಒಬ್ಬ ಸಹಾಯಕಿಗೂ ಆಗುತ್ತದೆ, ಅಕ್ಕ ಇಲ್ಲೇ ಇರಬಹುದು. ಸಿಗದಿದ್ದರೆ ಮರುಮಾತಿಲ್ಲದೆ ಅವನ ಮನೆಗೆ ಹೋಗಬೇಕು. ಅಕ್ಕ ಒಪ್ಪಿದಳು. ಭತ್ಯೆ ಸಿಗುವುದರಲ್ಲಿ ಅವಳಿಗೆ ಅನುಮಾನವೇ ಇರಲಿಲ್ಲ. ಕೈ ಬಿದ್ದಿದೆ, ಕಾಲು ಬಿದ್ದಿದೆ, ಇನ್ನೇನು ಬೇಕು ಅವರಿಗೆ ಎಂದಿದ್ದಳು.

ಅರ್ಜಿ ಹಾಕಿದ ಮೇಲೆ ತಪಾಸಣೆಗೆ ಕರೆ ಬಂತು. ಸೈಕಲ್ ಅಂಗಡಿಯವನು, ಅಲ್ಲಿ ಅಂಗಿಯ ಗುಂಡಿ ಹಾಕಿಸುತ್ತಾರೆ, ಸಹಿ ಮಾಡಿಸುತ್ತಾರೆ, ಲೋಟ ಹಿಡಿಸುತ್ತಾರೆ, ನಡೆಸುತ್ತಾರೆ ಎಂದು ಹೇಳಿ ಹೋದ. ಹೇಳಿದ್ದೇ ತಪ್ಪಾಯಿತು. ಅಕ್ಕ ಶಾಲೆಗೆ ಹೋಗುವ ಮಕ್ಕಳನ್ನು ಮೀರಿಸಿ ತಯಾರಿಗೆ ಕೂತಳು. ಎಡಗೈಯಲ್ಲಿ ಸಹಿ ಕಲಿತಳು. ಲೋಟ ಹಿಡಿದು ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ. ನಾನು ಮೇಷ್ಟ್ರ ಹಾಗೆ ಕೂತು, "ಚೆಲ್ಲಿತು, ಮತ್ತೆ ನಡಿ" ಎನ್ನುತ್ತಿದ್ದೆ. ಕೇಳಿದ ಕೆಲಸ ಆಗುವುದಿಲ್ಲ ಎಂದು ಹೇಳಿ ನಮ್ಮ ಮನೆಯಲ್ಲಿ ಯಾರಿಗೂ ರೂಢಿಯಿಲ್ಲ. ಹಾಗೆ ಹೇಳಲು ಸರ್ಕಾರವೇ ಕರೆದಿದೆ ಎಂದು ನಮಗೆ ಹೊಳೆಯಲೂ ಇಲ್ಲ.

ಅಂಗವಿಕಲರ ಕಚೇರಿ ಮಹಡಿಯ ಮೇಲಿತ್ತು. ಯಾರ ತಲೆಗೆ ಬಂದ ಬುದ್ಧಿಯೋ. ಕೆಳಗಿನ ಕಾವಲುಗಾರ, ಕುರ್ಚಿ ತರಿಸಿ ಎತ್ತಿಕೊಂಡು ಹೋಗುತ್ತೇವೆ ಎಂದ. ಅಕ್ಕ ಅವನನ್ನು ಕಣ್ಣಲ್ಲೇ ಸುಟ್ಟು, ಕಂಬಿ ಹಿಡಿದು ಹತ್ತಿದಳು. ಮೇಲೆ ಹೋಗಿ ಗೋಡೆಗೆ ಒರಗಿ ಉಸಿರು ಸರಿಯಾಗುವ ತನಕ ನಿಂತು, ಮುಖ ಒರೆಸಿಕೊಂಡು, ಆಮೇಲೆ ಒಳಗೆ ಹೋದಳು. ಅಲ್ಲಿ ಒಂದು ಗುಂಡಿ ಹಾಕಿದಳು, ಸಹಿ ಮಾಡಿದಳು, ಲೋಟ ಹಿಡಿದಳು, ನಡೆದಳು, ಸ್ವೆಟರ್ ನೀವೇ ಹಾಕಿಕೊಳ್ಳುತ್ತೀರಾ ಎಂದು ಕೇಳಿದ್ದಕ್ಕೆ ಹೌದು ಎಂದಳು. ಅವತ್ತು ಬಸ್ಸಿನಲ್ಲಿ ನಾವು ಖುಷಿಪಟ್ಟದ್ದು ಇದಕ್ಕೇ.

ಅದಾದ ಮೇಲೆ ಮನೆ ನೋಡಿಕೊಂಡು ಹೋಗಲು ಒಬ್ಬ ಇನ್ಸ್‌ಪೆಕ್ಟರಮ್ಮ ಬರುತ್ತಾರೆ ಎಂದು ಫೋನ್ ಬಂತು. ಮನೆಗೆ ಸರ್ಕಾರದವರು ಬರುವಾಗ ಮನೆ ಹೇಗಿರಬೇಕು ಹೇಳಿ. ನಾನು ಹಿಂದಿನ ದಿನವೇ ನೆಲ ತಿಕ್ಕಿದೆ, ಜೇಡರ ಬಲೆ ತೆಗೆದೆ, ಪಾತ್ರೆ ಬೆಳಗಿದೆ. ಅಕ್ಕ ಊರುಗೋಲನ್ನು ಬೀರುವಿನ ಹಿಂದೆ ಬಚ್ಚಿಟ್ಟಳು. ಹಿಡಿದುಕೊಳ್ಳಲೆಂದು ಬಚ್ಚಲಲ್ಲಿ ಕಟ್ಟಿದ್ದ ಹಗ್ಗ ನೋಡಲು ಚೆನ್ನಾಗಿಲ್ಲ ಎಂದು ಬಿಚ್ಚಿಸಿದಳು. ಇನ್ಸ್‌ಪೆಕ್ಟರಮ್ಮ ಬಂದರು, ಕೂತರು, ಅಕ್ಕನೇ ಎಡಗೈಯಲ್ಲಿ ಟೀ ಲೋಟ ತಂದುಕೊಟ್ಟಳು. ಒಂದು ಹನಿ ಚೆಲ್ಲಲಿಲ್ಲ.

"ಒಬ್ಬರೇ ಇದ್ದು ಮನೆ ಎಷ್ಟು ಚೆನ್ನಾಗಿ ಇಟ್ಕೊಂಡಿದೀರಿ," ಎಂದರು ಅವರು.

"ಅಭ್ಯಾಸ ಮೇಡಂ," ಎಂದಳು ಅಕ್ಕ.

ತಿರಸ್ಕಾರದ ಪತ್ರ ಬಂದಾಗ ಓದಿದವಳು ನಾನು. ಅರ್ಜಿದಾರರು ಯಾರ ಸಹಾಯವೂ ಇಲ್ಲದೆ ಮೆಟ್ಟಿಲು ಹತ್ತಿ ಬಂದಿದ್ದಾರೆ. ಗುಂಡಿ ಹಾಕುತ್ತಾರೆ. ಊರುಗೋಲು ಬಳಸುವುದಿಲ್ಲ. ಮನೆಯನ್ನು ಅಚ್ಚುಕಟ್ಟಾಗಿ ನಿರ್ವಹಿಸುತ್ತಾರೆ. ಆದ್ದರಿಂದ ಭತ್ಯೆಗೆ ಅರ್ಹರಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಆ ಇನ್ಸ್‌ಪೆಕ್ಟರಮ್ಮನಿಗೆ, ಅವಳು ಕುಡಿದ ಟೀಗೆ, ಆ ಕಚೇರಿಯ ಮೆಟ್ಟಿಲು ಕಟ್ಟಿದವನಿಗೆ ಎಲ್ಲರಿಗೂ ಬಾಯಿಗೆ ಬಂದದ್ದು ಅಂದೆ. ಸೈಕಲ್ ಅಂಗಡಿಯವನು ಕೆಲಸ ನಿಲ್ಲಿಸಿ ಇಣುಕಿ ನೋಡಿದ.

 ನನ್ನ ಉರಿ ಆರಿದ ಮೇಲೆ ಅಕ್ಕ, "ಇನ್ನೊಂದ್ಸಲ ಓದು" ಎಂದಳು. ಓದಿದೆ. "ಇನ್ನೊಂದ್ಸಲ."

"ಎಷ್ಟು ಸಲ ಓದಿದ್ರೂ ಅದೇ ಅಲ್ವಾ ಅಕ್ಕ?"

"ಒಂದೂ ಸುಳ್ಳಿಲ್ಲ ಕಣೇ ಇದರಲ್ಲಿ. ಸುಮ್ನೆ ಬಯ್ಬೇಡ ಅವರನ್ನ. ಹತ್ತಿದ್ದು ನಿಜ, ಗುಂಡಿ ಹಾಕಿದ್ದು ನಿಜ."

ಸಂಜೆ ಅಣ್ಣ ಬಂದ. ಪತ್ರ ನೋಡಿ ಅವನಿಗೆ ಬೇಸರವೂ ಆಯಿತು, ಒಳಗೊಳಗೇ ನಿರಾಳವೂ ಆಯಿತು. ಮುಂದಿನ ರಜೆಯ ದಿನ ಗಾಡಿ ತರುತ್ತೇನೆ, ಸಾಮಾನು ಕಟ್ಟಿಡಿ ಎಂದ. ಮಾತು ಕೊಟ್ಟಿದ್ದಳಲ್ಲ, ಅಕ್ಕ ತಲೆಯಾಡಿಸಿದಳು. ಅವಳು ಹಾಗೆ ತಲೆಯಾಡಿಸಿದ್ದನ್ನು ನನ್ನ ಕೈಯಲ್ಲಿ ನೋಡಲಾಗಲಿಲ್ಲ. ಕಚೇರಿಯಲ್ಲಿ ಮೇಲ್ಮನವಿ ಅಂತ ಒಂದು ಇದೆಯಂತೆ, ಅದೊಂದು ಆಗಲಿ, ಅದರಲ್ಲೂ ಆಗದಿದ್ದರೆ ನಾನೇ ಸಾಮಾನು ಕಟ್ಟಿಕೊಡುತ್ತೇನೆ ಎಂದೆ. ಅಣ್ಣ ನನ್ನನ್ನು ನೋಡಿದ, ಅಕ್ಕನನ್ನು ನೋಡಿದ. "ಇದೇ ಕೊನೆ" ಎಂದು ಹೇಳಿ ಎದ್ದು ಹೋದ.

ಕಚೇರಿಯ ಗೇಟಿನ ಪಕ್ಕ, ದೊಡ್ಡ ಛತ್ರಿ ನೆಟ್ಟುಕೊಂಡು ಅರ್ಜಿ ಬರೆದುಕೊಡುವವನೊಬ್ಬ ಕೂರುತ್ತಿದ್ದ. ಆ ಕಚೇರಿಯ ಒಳಗಿನವರಿಗಿಂತ ಅವನಿಗೇ ಹೆಚ್ಚು ಗತ್ತು. ನಮ್ಮ ಪತ್ರವನ್ನು ಮೇಲಿಂದ ಕೆಳಗೆ ಓದಿ, ಅಕ್ಕನನ್ನೂ ಮೇಲಿಂದ ಕೆಳಗೆ ನೋಡಿ, ಲೊಚಗುಟ್ಟಿದ.

"ಏನಮ್ಮ ಇದು, ಸೀರಿಯಸ್ಸಾಗಿ ಹೋಗಿ ಎಲ್ಲ ಮಾಡಿ ತೋರಿಸಿದೀರಾ? ಅಲ್ಲಿಗೆ ಹೀಗೆ ತಲೆ ಬಾಚ್ಕೊಂಡು, ಇಸ್ತ್ರಿ ಬಟ್ಟೆ ಹಾಕ್ಕೊಂಡು ಹೋಗ್ತಾರಾ ಯಾರಾದ್ರೂ?"

"ಮತ್ತೆ ಹೇಗೆ ಹೋಗ್ಬೇಕು?" ಎಂದಳು ಅಕ್ಕ.

"ತಳ್ಳೋ ಕುರ್ಚೀಲಿ ಹೋಗಿ. ಕೇಳಿದ್ದಕ್ಕೆಲ್ಲ ಆಗಲ್ಲ ಅನ್ನಿ. ಕೈ ಎತ್ತಿ ಅಂದ್ರೆ ಅಯ್ಯೋ ಅನ್ನಿ. ಸ್ವಲ್ಪ ಜೊಲ್ಲು ಸುರಿಸಿದ್ರೂ ಒಳ್ಳೇದೇ, ನೋಡೋಕೆ ಎದ್ದು ಕಾಣುತ್ತೆ."

ನಾನು ಚಪ್ಪಲಿ ಕಡೆ ನೋಡಿದೆ. ಅಕ್ಕ ನನ್ನ ಮೊಣಕೈ ಹಿಡಿದಳು. "ಅರ್ಜಿ ಬರ್ಕೊಡಿ ಸಾಕು," ಎಂದಳು ಅವನಿಗೆ. "ಇರೋದೇ ಬೇಕಾದಷ್ಟಿದೆ, ಇಲ್ಲದ್ದನ್ನ ನಾನ್ಯಾಕೆ ಸೇರಿಸ್ಲಿ?"

ಅವನು ಭುಜ ಕುಣಿಸಿ ಬರೆಯಲು ಕೂತ. ಬರೆದದ್ದು ಚೆನ್ನಾಗಿಯೇ ಇತ್ತು, ಅದನ್ನು ಅಲ್ಲಗಳೆಯುವುದಿಲ್ಲ.

ವಿಚಾರಣೆಯ ದಿನ ಹತ್ತಿರ ಬಂದಷ್ಟೂ ನನಗೆ ಊಟ ಇಳಿಯಲಿಲ್ಲ. ಆ ಛತ್ರಿಯವನ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಒಂದು ಮಧ್ಯಾಹ್ನ ಅಕ್ಕನ ಹತ್ತಿರ ಕೂತು ಹೇಳಿಯೇಬಿಟ್ಟೆ. "ಪೂರ್ತಿ ನಾಟಕ ಬೇಡ. ಗುಂಡಿ ಹಾಕಿ ಅಂದ್ರೆ ಆಗಲ್ಲ ಅನ್ನು, ಅಷ್ಟೇ. ಒಂದು ಮಾತು. ಮನೆ ಉಳಿಯುತ್ತೆ."

"ಆಗುತ್ತಲ್ಲ ಕಣೇ."

"ಆಗುತ್ತೆ, ಅದಕ್ಕೇ ಅಣ್ಣನ ಮನೆಗೆ ಗಂಟು ಕಟ್ಟು."

ಅಕ್ಕ ಒಗೆದ ಬಟ್ಟೆಯ ರಾಶಿಯಿಂದ ದಿಂಬಿನ ಚೀಲ ಒಂದನ್ನು ತೊಡೆಯ ಮೇಲೆ ಹರವಿ ಎಡಗೈಯಲ್ಲಿ ಮಡಿಸುತ್ತಿದ್ದಳು. ಮಡಿಸಿ, ಸರಿ ಕಾಣದೆ, ಬಿಚ್ಚಿ, ಮತ್ತೆ ಮಡಿಸುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಮಡಿಸಿದ್ದನ್ನು ನನ್ನ ಮುಂದೆ ಇಟ್ಟಳು.

"ಇದನ್ನ ನೋಡಿದ್ರೆ ಏನು ಗೊತ್ತಾಗುತ್ತೆ ನಿನಗೆ?"

"ದಿಂಬಿನ ಚೀಲ ಅಂತ ಗೊತ್ತಾಗುತ್ತೆ."

"ಹಾಳಾದವಳೆ. ಇದನ್ನ ಮಡಿಸೋಕೆ ನಾನು ಎಷ್ಟು ಹೊತ್ತು ಹೆಣಗಾಡ್ದೆ ಅಂತ ಇದನ್ನ ನೋಡಿದ್ರೆ ಗೊತ್ತಾಗುತ್ತಾ? ಗೊತ್ತಾಗಲ್ಲ. ನಾವು ಅವರಿಗೆ ಮಡಿಸಿ ಕಟ್ಟಿದ ಬಟ್ಟೆ ಕೊಟ್ವಿ ಕಣೇ. ನೀನೂ ನಾನೂ ಸೇರ್ಕೊಂಡು, ಲಾಂಡ್ರಿ ಕೌಂಟರಲ್ಲಿ ಕೊಟ್ಟ ಹಾಗೆ. ಅವರು ಕಂಡಿದ್ದನ್ನ ಬರ್ಕೊಂಡ್ರು. ಈ ಸಲ ಅವರನ್ನ ಹಿಂದಿನ ಬಾಗಿಲಿಂದ ಒಳಗೆ ಕರೀಬೇಕು."

ನನಗೆ ಪೂರ್ತಿ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಲೂ ಇಲ್ಲ. ವಿಚಾರಣೆಯ ಬೆಳಗ್ಗೆ ನಾನು ಬೇಗ ಹೋದಾಗ, ದಿನಾ ನಾನು ಹಾಕಿಕೊಡುತ್ತಿದ್ದ ಬಟ್ಟೆಯನ್ನು ಹಾಕಿಸಿಕೊಂಡಳು, ತಲೆ ಬಾಚಿಸಿಕೊಂಡಳು, ಹೊತ್ತಾಗುತ್ತದೆ ಎಂದು ಅವತ್ತು ಮೇಲೊಂದು ನೀಲಿ ಸ್ವೆಟರನ್ನೂ ನನ್ನಿಂದಲೇ ತೊಡಿಸಿಕೊಂಡಳು. ಕುತ್ತಿಗೆಯಿಂದ ಸೊಂಟದ ತನಕ ಗುಂಡಿ ಇರುವ ಸ್ವೆಟರ್. ಅಂಥ ಚಳಿಯೇನೂ ಇರಲಿಲ್ಲ. "ಊರುಗೋಲು ಕೊಡು" ಎಂದು ಅವಳೇ ಕೇಳಿದಳು. ಆ ಮಹಡಿಯ ಮೆಟ್ಟಿಲ ಬುಡದಲ್ಲಿ ಕಾವಲುಗಾರ ಈ ಸಲವೂ ಕುರ್ಚಿ ಬೇಕೇ ಎಂದು ಕೇಳಿದ. ಅಕ್ಕ ಒಂದು ಕ್ಷಣ ನಿಂತು ಬೇಕು ಎಂದಳು. ಇಬ್ಬರು ಎತ್ತಿಕೊಂಡು ಹೋದರು. ಅವಳು ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಹಿಂದೆ ಊರುಗೋಲು ಹಿಡಿದು ಹತ್ತುತ್ತಿದ್ದ ನನಗೆ ಎದೆ ಉಬ್ಬಿತು.

ವಿಚಾರಣೆಯ ಕೋಣೆಯಲ್ಲಿ ಉದ್ದನೆಯ ಮೇಜಿನ ಆಚೆ ಇಬ್ಬರು ಕೂತಿದ್ದರು. ಒಬ್ಬರು ನೆರೆತ ಕೂದಲಿನ ಡಾಕ್ಟರಮ್ಮ, ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದರು. ಇನ್ನೊಬ್ಬ ಅಧಿಕಾರಿ, ಅವನ ಕಣ್ಣು ಪದೇಪದೇ ಬಾಗಿಲ ಕಡೆಗೆ ಹೋಗುತ್ತಿತ್ತು. ಹೊರಗೆ ಕಾದವರ ಸಾಲು ಗೋಡೆಯುದ್ದಕ್ಕೂ ಇತ್ತು, ಅವನನ್ನೂ ಬಯ್ಯುವಂತಿಲ್ಲ. ಮೇಜಿನ ಮೇಲೆ ಆಗಷ್ಟೇ ಟೀ ತಂದಿಟ್ಟಿದ್ದರು. ಸಂಬಂಧಿಕರು ಮಧ್ಯೆ ಬಾಯಿ ಹಾಕಬಾರದು, ಕೈಯನ್ನೂ ಹಾಕಬಾರದು ಎಂದು ನನ್ನನ್ನು ಮೂಲೆಯ ಬೆಂಚಿನಲ್ಲಿ ಕೂರಿಸಿದರು.

ಡಾಕ್ಟರಮ್ಮ ಹಳೆಯ ವರದಿ ತಿರುವಿ ಕೇಳಿದರು. "ನೀವೇ ಬಟ್ಟೆ ಹಾಕ್ಕೋತೀರಿ ಅಂತ ಇದೆ. ಹೌದಾ?"

"ಒಳಗಿನ ಬಟ್ಟೆ ತಂಗಿ ಹಾಕ್ತಾಳೆ. ಸ್ವೆಟರ್ ನಾನೇ ಹಾಕ್ಕೋತೀನಿ. ತೋರಿಸ್ಲಾ ಮೇಡಂ?"

"ಅದೆಲ್ಲ ಬೇಡಮ್ಮ, ಹೇಳಿದ್ರೆ ಸಾಕು," ಎಂದ ಅಧಿಕಾರಿ.

"ಹೋದ ಸಲ ಹೇಳಿದ್ದೆ ಸಾರ್. ನಿಜಾನೇ ಹೇಳಿದ್ದೆ. ಆದ್ರೂ ನಿಮಗೆ ತಪ್ಪು ಲೆಕ್ಕ ಸಿಕ್ತು."

ಡಾಕ್ಟರಮ್ಮ ಕನ್ನಡಕವನ್ನು ಕಣ್ಣಿಗೆ ಇಳಿಸಿಕೊಂಡು, "ತೋರಿಸಿ" ಎಂದರು.

ಅಕ್ಕ ಮೊದಲು ಗುಂಡಿ ಬಿಚ್ಚಿದಳು. ಎಡಗೈಯಿಂದ ಒಂದೊಂದಾಗಿ. ಎಡ ತೋಳನ್ನು ಕುರ್ಚಿಯ ಕೈಗೆ ಉಜ್ಜಿ ಉಜ್ಜಿ ಜಾರಿಸಿದಳು. ಬಲಗೈಯಿಂದ ಸ್ವೆಟರನ್ನು ಎಳೆದು ತೆಗೆಯುವಾಗ ಮಡಚಿಕೊಂಡ ಬೆರಳುಗಳು ಒಳಗೆ ಸಿಕ್ಕಿಕೊಂಡವು. ಬಿಡಿಸಿ ತೆಗೆದು ಮೇಜಿನ ಮೇಲೆ ಇಟ್ಟಳು. ಅಷ್ಟಕ್ಕೇ ಉಸಿರು ಮೇಲೆಕೆಳಗಾಗಿತ್ತು. "ಇದು ಬಿಚ್ಚಿದ್ದು. ಇನ್ನು ಹಾಕ್ಕೋತೀನಿ," ಎಂದಳು.

ಸ್ವೆಟರನ್ನು ತೊಡೆಯ ಮೇಲೆ ಹರವಿದಳು. ಎಡಗೈಯಿಂದ ಬಲಗೈಯನ್ನು ಎತ್ತಿ ತಂದು ತೋಳಿನ ಬಾಯಿಗೆ ಇಟ್ಟಳು. ಅದು ಜಾರಿ ಮತ್ತೆ ಎದೆಗೆ ಮಡಚಿಕೊಂಡಿತು. ಮತ್ತೆ ಎತ್ತಿ ಇಟ್ಟಳು. ಮುಷ್ಟಿ ಒಳಗೆ ಹೋಗಲಿಲ್ಲ. ಬೆರಳುಗಳನ್ನು ಬಿಡಿಸಿದಳು, ಕೊನೆಯದನ್ನು ಬಿಡಿಸುವಷ್ಟರಲ್ಲಿ ಮೊದಲನೆಯದು ಮಡಚಿಕೊಂಡಿತು. ಬಟ್ಟೆಯ ಅಂಚನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಎಡಗೈಯಿಂದ ಮುಷ್ಟಿಯನ್ನು ಒಳಗೆ ದೂಡಿದಳು. ಇಂಚಿಂಚಾಗಿ ಎಳೆದಳು. ಮೊಣಕೈ ದಾಟುವ ಹೊತ್ತಿಗೆ ಹಣೆಯ ಬೆವರು ಹುಬ್ಬಿಗೆ ಇಳಿದಿತ್ತು.

ಬೆಂಚಿನ ಮೇಲೆ ನಾನು ಎರಡೂ ಕೈಯನ್ನು ತೊಡೆಯಡಿಗೆ ಹಾಕಿಕೊಂಡು ಕೂತೆ. ಎದ್ದು ಹೋಗಿ ಒಂದು ಸಲ ಎಳೆದರೆ ಮುಗಿಯುವ ಕೆಲಸ. 

ಇನ್ನು ಬೆನ್ನು. ಸ್ವೆಟರನ್ನು ಹೆಗಲ ಮೇಲಿಂದ ಹಿಂದಕ್ಕೆ ಎಸೆದು, ಜಾರದ ಹಾಗೆ ಬೆನ್ನನ್ನು ಕುರ್ಚಿಗೆ ಒತ್ತಿ ಹಿಡಿದು, ಎಡಗೈಯನ್ನು ಹಿಂದಕ್ಕೆ ತಿರುಗಿಸಿ ಇನ್ನೊಂದು ತೋಳನ್ನು ಹುಡುಕಿದಳು. ಸಿಗಲಿಲ್ಲ. ಎಸೆದದ್ದು ಜಾರಿ ಬಿತ್ತು. ಮತ್ತೆ ಎಸೆದಳು. ಬಾಗಿಲು ತೆರೆದು ಯಾರೋ ತಲೆ ಒಳಗೆ ಹಾಕಿದರು. ಡಾಕ್ಟರಮ್ಮ ಕೈಸನ್ನೆ ಮಾಡಿ ಮುಚ್ಚಿಸಿದರು. ಟೀ ಮೇಲೆ ಕೆನೆ ಕಟ್ಟಿತ್ತು, ಇಬ್ಬರೂ ಮುಟ್ಟಿರಲಿಲ್ಲ. ಅಧಿಕಾರಿ ಕುರ್ಚಿಯಲ್ಲಿ ಮಿಸುಕಾಡಿ ಕೊನೆಗೆ ತಡೆಯಲಾರದೆ ಎದ್ದು, ಮೇಜು ಸುತ್ತಿ ಬಂದು ಕೈ ಚಾಚಿದ.

"ಕೂತ್ಕೊಳ್ಳಿ ಸಾರ್," ಎಂದಳು ಅಕ್ಕ. ಹಲ್ಲಿನ ನಡುವೆ ಬಟ್ಟೆ ಇರಲಿಲ್ಲ ಆಗ, ಮಾತು ಸ್ಪಷ್ಟವಾಗಿಯೇ ಇತ್ತು. "ನೀವು ಹಿಡಿದ್ರೆ ಬೇಗ ಆಗುತ್ತೆ. ಬೇಗ ಆದ್ರೆ ನಿಮಗೆ ಗೊತ್ತಾಗಲ್ಲ."

ಅವನು ಹೋಗಿ ಕೂತ. ಆಮೇಲೆ ಅವನು ಬಾಗಿಲ ಕಡೆ ನೋಡಲಿಲ್ಲ.

ತೋಳು ಸಿಕ್ಕಿತು. ಗುಂಡಿಗಳಿಗೆ ಬಂದಳು. ಬಲಗಡೆಯ ಅಂಚನ್ನು ಹಿಡಿಯಲು ಕೈಯಿಲ್ಲ, ಅದನ್ನು ಮೇಜಿನ ಅಂಚಿಗೆ ಹೊಟ್ಟೆಯಿಂದ ಒತ್ತಿ ಹಿಡಿದು, ಕೆಳಗಿನಿಂದ ಒಂದೊಂದೇ ಹಾಕುತ್ತ ಬಂದಳು. ಅಷ್ಟು ಗಮನವಿಟ್ಟು ಏನಾದರೂ ಮಾಡುವಾಗ ಅವಳ ಬಾಯಿಯ ಬಲತುದಿಯಿಂದ ಎಂಜಲು ಇಳಿಯುತ್ತದೆ. ಲಕ್ವ ಹೊಡೆದಾಗಿನಿಂದ ಇದು ಇದೆ. ನನ್ನ ಮುಂದೆ ಕೂಡ ಅವಳು ಥಟ್ಟನೆ ಮುಖ ತಿರುಗಿಸಿ ಒರೆಸಿಕೊಳ್ಳುತ್ತಿದ್ದಳು. ಈಗ ಇದ್ದ ಒಂದು ಕೈ ಗುಂಡಿಯ ಮೇಲಿತ್ತು. ಎಂಜಲು ಗಲ್ಲಕ್ಕೆ ಇಳಿಯಿತು. ಅವಳಿಗೆ ಅದು ಗೊತ್ತಿತ್ತು. ಕೈ ತೆಗೆಯಲಿಲ್ಲ, ಮುಖ ತಿರುಗಿಸಲಿಲ್ಲ, ಇಬ್ಬರು ಅಪರಿಚಿತರ ಎದುರು ಹಾಗೇ ಕೂತು ಗುಂಡಿ ಹಾಕಿದಳು. ಛತ್ರಿಯ ಕೆಳಗಿನ ಆ ಮಹಾಶಯ ಬಂದು ನೋಡಬೇಕಿತ್ತು ಎನಿಸಿತು. ನನ್ನ ಕಣ್ಣು ತುಂಬಿ ಬಂತು, ಅದು ಅಯ್ಯೋ ಪಾಪದ ನೀರಲ್ಲ. ಇವಳು ನಮ್ಮಕ್ಕ ಎಂದು ಆ ಸಾಲಿನಲ್ಲಿ ಕಾದವರಿಗೆಲ್ಲ ಕೂಗಿ ಹೇಳಬೇಕು ಅನಿಸುತ್ತಿತ್ತು.

ಕುತ್ತಿಗೆಯ ಗುಂಡಿಗೆ ಬಂದಾಗ ಒಂದು ತೂತು ಹೆಚ್ಚಿಗೆ ಉಳಿಯಿತು. ಕೆಳಗೆಲ್ಲೋ ಒಂದು ತಪ್ಪಿತ್ತು. ಸ್ವೆಟರಿನ ಒಂದು ಮಗ್ಗುಲು ಮೇಲೆ, ಒಂದು ಕೆಳಗೆ. ಅಕ್ಕ ತಲೆ ಬಗ್ಗಿಸಿ ಅದನ್ನೇ ನೋಡಿದಳು.

"ಪರವಾಗಿಲ್ಲ ಬಿಡಿ. ಸಾಕು, ಗೊತ್ತಾಯ್ತು," ಎಂದರು ಡಾಕ್ಟರಮ್ಮ ಮೆಲ್ಲಗೆ.

"ನಿಮಗೆ ಸಾಕು ಮೇಡಂ. ನಾನು ಹೀಗೆ ಬೀದಿಗೆ ಹೋಗಲ್ಲ."

ಎಂದವಳೇ ಎಲ್ಲ ಗುಂಡಿ ಬಿಚ್ಚಿದಳು. ಮತ್ತೆ ಕೆಳಗಿನಿಂದ ಶುರು ಮಾಡಿದಳು. ಯಾರೂ ತಡೆಯಲಿಲ್ಲ. ಡಾಕ್ಟರಮ್ಮ ಗಲ್ಲಕ್ಕೆ ಕೈ ಕೊಟ್ಟು ಕೊನೆಯ ಗುಂಡಿಯ ತನಕ ನೋಡಿದರು. ಮುಗಿದ ಮೇಲೆ ಅಕ್ಕ ಅಂಚು ಎರಡನ್ನೂ ಸವರಿ ಸರಿಮಾಡಿ, ಆಮೇಲೆ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡಳು.

"ಇದಾದ್ಮೇಲೆ ಏನು ಮಾಡ್ತೀರಿ ಮನೇಲಿ?" ಎಂದರು ಡಾಕ್ಟರಮ್ಮ.

"ಸುಧಾರಿಸ್ಕೋತೀನಿ. ಬಿಸಿಲು ಏರೋ ತನಕ ಕೂತಿರ್ತೀನಿ. ಆಮೇಲೆ ಅಡುಗೆಮನೆಗೆ ಹೋಗ್ತೀನಿ. ತರಕಾರಿ ಹೆಚ್ಚೋಕಾಗಲ್ಲ. ಬಿಸಿ ಪಾತ್ರೆ ಇಳಿಸೋಕಾಗಲ್ಲ. ಸ್ನಾನಕ್ಕೆ ಇನ್ನೊಬ್ಬರು ಬೇಕು, ಒಂದು ಸಲ ಜಾರಿ ಬಿದ್ದಿದ್ದೆ, ತಂಗಿಗೆ ಹೇಳಿಲ್ಲ." ನಾನು ಬೆಂಚಿನಿಂದ ಅರ್ಧ ಎದ್ದೆ, ಅವಳು ನನ್ನ ಕಡೆ ನೋಡಲೇ ಇಲ್ಲ. "ಬೇರೆ ಎಲ್ಲ ಮಾಡ್ಕೋತೀನಿ ಮೇಡಂ. ಹೊತ್ತು ಹಿಡಿಯುತ್ತೆ, ಆದ್ರೆ ಮಾಡ್ಕೋತೀನಿ. ನನಗೆ ಬೇಕಾಗಿರೋದು ಇಷ್ಟಕ್ಕೆ ಒಬ್ಬರು. ನನ್ನ ಮನೇಲಿ ನಾನಿರೋಕೆ."

ಆಗಲ್ಲ ಎನ್ನುವ ಮಾತನ್ನು ಅವಳು ತಲೆ ಎತ್ತಿ, ದನಿ ತಗ್ಗಿಸದೆ ಹೇಳಿದಳು. ಡಾಕ್ಟರಮ್ಮ ಬರೆದುಕೊಂಡರು. ಅಧಿಕಾರಿ ಎದ್ದು ಬಂದು ಬಾಗಿಲು ತೆರೆದು ಹಿಡಿದು ನಿಂತ.

ಭತ್ಯೆ ಮಂಜೂರಾಯಿತು. ಪತ್ರ ಬಂದ ದಿನ ನಾನು ಓದಿದೆ, ಅಕ್ಕ ಇನ್ನೊಂದ್ಸಲ ಓದು ಎಂದಳು, ಓದಿದೆ. ಮೂರನೆಯ ಸಲ ಕೇಳಿದಾಗ ಸೈಕಲ್ ಅಂಗಡಿಯವನೇ ಬಂದು ಓದಿದ. ಹಿಂದಿನ ಬೀದಿಯ ಹೆಂಗಸೊಬ್ಬಳು ಈಗ ಬೆಳಗ್ಗೆ ಬಂದು ಸ್ನಾನ ಮಾಡಿಸಿ, ತರಕಾರಿ ಹೆಚ್ಚಿಟ್ಟು ಹೋಗುತ್ತಾಳೆ. ಮೊದಲ ವಾರವೇ ಅವಳಿಗೆ ಟವೆಲ್ ಮಡಿಸುವುದು ಹೇಗೆ ಎಂದು ಪಾಠ ಶುರುವಾಯಿತು. ಪಾಪ, ಅವಳು ಇನ್ನೂ ಓಡಿಹೋಗಿಲ್ಲ.

ಅಣ್ಣ ಕೆಲವು ದಿನ ಮುಖ ಊದಿಸಿಕೊಂಡಿದ್ದ. ಸುಣ್ಣ ಬಳಿಸಿದ ಕೋಣೆ ಖಾಲಿ ಉಳಿಯಿತಲ್ಲ. ಒಂದು ರಜೆಯ ದಿನ ನನ್ನ ಮನೆಗೆ ಬಂದು, ನಡಿ, ಅಕ್ಕನನ್ನು ನೋಡಿಕೊಂಡು ಬರೋಣ ಎಂದ. ಹೋದೆವು. ಲಕ್ವ ಹೊಡೆದಾಗಿನಿಂದ ಅವಳ ಮನೆಯ ಇನ್ನೊಂದು ಬೀಗದ ಕೈ ಅವನ ಹತ್ತಿರ ಇತ್ತು. ಬಂದಾಗಲೆಲ್ಲ ತಾನೇ ಬಾಗಿಲು ತೆಗೆದು, ಅಕ್ಕಾ ಎಂದು ಕೂಗುತ್ತ ಒಳಗೆ ನುಗ್ಗುವುದು ಅವನ ವಾಡಿಕೆ. ಅವತ್ತೂ ಜೇಬಿನಿಂದ ಬೀಗದ ಕೈ ತೆಗೆದ. ಬಾಗಿಲ ಹತ್ತಿರ ಒಯ್ದ. ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದು ಬಾಗಿಲು ತಟ್ಟಿದ.

"ಬಂದೆ," ಎಂದಿತು ಒಳಗಿನಿಂದ ಅಕ್ಕನ ದನಿ.

ಕುರ್ಚಿ ಸರಿದ ಸದ್ದು ಕೇಳಿಸಿತು. ಊರುಗೋಲಿನ ಸದ್ದು, ಕಾಲು ಎಳೆಯುವ ಸದ್ದು, ಮತ್ತೆ ಊರುಗೋಲಿನ ಸದ್ದು. ಇಡೀ ಊರಿಗೆ ಕೇಳುವ ಹಾಗೆ ಮಾತಾಡುವ ನಮ್ಮಣ್ಣ ತುಟಿ ಬಿಚ್ಚದೆ ನಿಂತಿದ್ದ. ಚಿಲಕ ಒಂದು ಸಲ ಜಾರಿತು, ಎರಡನೆಯ ಸಲ ಬಿಚ್ಚಿತು. ಬಾಗಿಲು ತೆರೆದು ಅಕ್ಕ ನಮ್ಮಿಬ್ಬರನ್ನೂ ನೋಡಿದಳು, ಅಣ್ಣನ ಕೈಯಲ್ಲಿದ್ದ ಬೀಗದ ಕೈಯನ್ನೂ ನೋಡಿದಳು. ಅವನು ಅದನ್ನು ಅವಳ ಮುಂದೆ ಚಾಚಿ, "ಇದು ನಿನ್ನ ಹತ್ರಾನೇ ಇರ್ಲಿ ಅಕ್ಕ" ಎಂದ.

ಅಕ್ಕ ತೆಗೆದುಕೊಳ್ಳಲಿಲ್ಲ. "ಇಟ್ಕೊಂಡಿರು," ಎಂದಳು. "ಎಲ್ಲಾದ್ರೂ ಬಿದ್ದೆ ಅಂದ್ರೆ ಎತ್ತೋಕೆ ನೀನೇ ಬರ್ಬೇಕು. ಮಿಕ್ಕ ದಿನ ಹೀಗೇ ತಟ್ಟು, ನಾನು ಬಂದು ತೆಗೀತೀನಿ."